ಖತಿಜಾಬಿ ಸಿದ್ದಿ ಹೌದೋ ಅಲ್ಲೋ

ಖತಿಜಾಬಿಯನ್ನು ಸಿದ್ದಿ ಎಂದು ಕರೆಯಲು ಬೈಲಹೊಂಗಲದ ಮಂದಿಗೆ ಯಾವ ಸರ್ಟಿಫಿಕೇಟೂ ಬೇಕಾಗಿರಲಿಲ್ಲ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳು ಕರೆದಳು, ಬಸ್ಸಿನ ಕಂಡಕ್ಟರ್ ಕರೆದ, ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರೆಲ್ಲ ಕರೆದರು. 'ಸಿದ್ದಿ' ಎಂದಷ್ಟೇ ಕರೆದರೆ ಅದೇ ಪುಣ್ಯ, ಎಷ್ಟೋ ಮಂದಿ 'ಏ ಆಫ್ರಿಕಾ' ಎಂದೇ ಕೂಗಿದರು. ಆದರೆ ಅದೇ ಹೆಂಗಸು "ಹೌದ್ರೀ, ನಾ ಸಿದ್ದಿ, ಅದನ್ನ ಒಂದು ಹಾಳ್ಯಾಗ ಬರದು ಕೊಡ್ರಿ" ಎಂದು ಸರ್ಕಾರದ ಮುಂದೆ ನಿಂತಾಗ, ಸರ್ಕಾರ ಗಡ್ಡ ಕೆರೆದುಕೊಂಡು "ಹೌದೋ ಅಲ್ಲೋ ನೋಡಬೇಕಾಗ್ತದ" ಎಂದಿತು. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ತಣ್ಣಗೆ ಕೂತು ಹೇಳು ಎಂದರೆ ನನ್ನಿಂದ ಆಗುವುದಿಲ್ಲ.

ನಾನು ಗಂಗಾ. ಇಲ್ಲೇ ಒಂದು ಹೈಸ್ಕೂಲಿನಲ್ಲಿ ಟೀಚರ್. ನಮ್ಮವ್ವ ಸಾವಿತ್ರೆವ್ವನ ಬಾಯಿ ಓಣಿಗೆಲ್ಲ ಪ್ರಸಿದ್ಧ. ತೊಂಬತ್ತೆರಡರಲ್ಲಿ ಅರಳೆ ವ್ಯಾಪಾರಿ ಶಂಕರೆಪ್ಪನವರ ಲಾರಿಗೆ ಒಬ್ಬ ಹೊಸ ಡ್ರೈವರ್ ಬಂದ. ಹೆಸರು ನಜೀರಸಾಬ. ಉತ್ತರ ಕನ್ನಡದ ಹಳಿಯಾಳದ ಆಚೆ, ಕಾಡಿನ ಅಂಚಿನ ಒಂದು ವಾಡೆಯವನು, ಎಂದರೆ ಸಿದ್ದಿಗಳ ಸಣ್ಣ ಕೇರಿಯವನು. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಆಳುಗಳನ್ನಾಗಿ ತಂದು ಮಾರಿದ ಜನರ ಸಂತಾನ ಈ ಸಿದ್ದಿಗಳು. ಗೋವೆಯಿಂದ ತಪ್ಪಿಸಿಕೊಂಡು ಬಂದು ಕಾಡು ಸೇರಿದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರಿಶ್ಚಿಯನ್ನರೂ ಇದ್ದಾರೆ. ನಜೀರಸಾಬನ ಹೆಂಡತಿ ಖತಿಜಾಬಿಯೂ ಅದೇ ವಾಡೆಯವಳು. ಆರು ವರ್ಷದ ಮಗಳು ನಾಜಿಯಾಳ ಕೈ ಹಿಡಿದುಕೊಂಡು ಬಾಡಿಗೆ ಮನೆ ಹುಡುಕುತ್ತ ಇಡೀ ಊರು ತಿರುಗಿದಳು. ಖಾಲಿ ಮನೆಗಳೆಲ್ಲ ಅವಳು ಬಾಗಿಲಿಗೆ ಬಂದ ಕೂಡಲೇ ತುಂಬಿಬಿಡುತ್ತಿದ್ದವು.

ನಮ್ಮ ಹಿತ್ತಲ ಕಡೆ ಎರಡು ಕೋಣೆ ಇದ್ದವು. ಕೊಡುತ್ತೇನೆಂದು ಅವ್ವ ಹೇಳಿದಾಗ ಎದುರು ಮನೆಯ ಸಿದ್ದಲಿಂಗವ್ವ ಓಡಿ ಬಂದಳು. "ಏನ್ ತಲಿಗಿಲಿ ಕೆಟ್ಟೈತೇನ ಸಾವಿತ್ರೆವ್ವಾ? ನೋಡಿದ್ರ ಹುಡುಗ್ರು ಹೆದರ್ತಾವ" ಎಂದಳು. ಅವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಆಕಳ ಕಪ್ಪಿದ್ರ ಹಾಲೂ ಕಪ್ಪ ಇರ್ತಾವೇನ? ಹೆದರೂ ಹುಡುಗ್ರನ್ನ ಒಳಗ ಕಟ್ಟಿ ಹಾಕ್ಕೋ ಹೋಗ." ಬಾಗಿಲಲ್ಲೇ ಇದ್ದ ಖತಿಜಾಬಿ ಇದನ್ನು ಕೇಳಿಸಿಕೊಂಡು, "ಅಕ್ಕಾ, ಮನಿ ಕೊಡೂದು ಕೊಟ್ಟಿ, ಬಂದ ದಿನಾನ ನನ್ನ ಆಕಳಾ ಮಾಡಿದ್ಯಲ್ಲ" ಎಂದಳು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಇಬ್ಬರ ಒಲೆ ಬೇರೆಯಾದರೂ ಹರಟೆ ಒಂದೇ ಆಯಿತು.

ಖತಿಜಾಬಿ ಕೌದಿ ಹೊಲಿಯುತ್ತಿದ್ದಳು. ನಮ್ಮ ಕಡೆಯ ಹೆಂಗಸರೂ ಹೊಲಿಯುತ್ತಾರೆ. ಆದರೆ ಇವಳದು ಬೇರೆ ರೀತಿ. ಒಂದು ಮೂಲೆಯಿಂದ ಹಿಡಿದು ಸುತ್ತಲೂ ಹೊಲಿಯುತ್ತ ನಡುವಿಗೆ ಬರುವುದು, ಕೊನೆಗೆ ನಾಲ್ಕೂ ಮೂಲೆಗೆ ಬಣ್ಣದ ಬಟ್ಟೆಯನ್ನು ಮಡಿಚಿ ಹೂವು ಕೂರಿಸುವುದು. ಹೂವಿಲ್ಲದ ಕೌದಿಯನ್ನು ಯಾರಿಗೂ ಕೊಡುತ್ತಿರಲಿಲ್ಲ. "ಬತ್ತಲೆ ಕೂಸನ್ನ ಮಂದಿ ಕೈಯಾಗ ಕೊಡತಾರೇನ?" ಎನ್ನುತ್ತಿದ್ದಳು. ಕೌದಿ ಒಯ್ಯಲು ಬರುವ ಅದೇ ಹೆಂಗಸರು ಅವಳ ಮನೆಯ ನೀರು ಮಾತ್ರ ಕುಡಿಯುತ್ತಿರಲಿಲ್ಲ. ಅವಳು ಹೊಲಿದದ್ದನ್ನು ಹೊದ್ದು ಮಲಗಬಹುದಂತೆ, ಅವಳು ಕೊಟ್ಟ ನೀರು ಕುಡಿಯಬಾರದಂತೆ! ಇನ್ನು ಅವರ ಜಮಾತಿನವರೇನು ಕಡಿಮೆಯೇ? ಮದುವೆಗೆ ಕರೆದು, ಊಟದ ಸಾಲಿನ ತುದಿಯಲ್ಲಿ ಕೂರಿಸಿ, "ಕಾಡಿನ್ಯಾವ್ರು" ಎಂದು ಕಿಸಕ್ಕನೆ ನಗುತ್ತಿದ್ದರು. ಈ ವಿಷಯದಲ್ಲಿ ನಮ್ಮವರೂ ಅವರೂ ಅಣ್ಣತಮ್ಮಂದಿರೇ.

ಒಮ್ಮೆ ಸವದತ್ತಿಯ ಹಾದಿಯಲ್ಲಿ ಒಬ್ಬ ಪೊಲೀಸಪ್ಪ ನಜೀರಸಾಬನ ಲಾರಿ ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದ. "ಸಾಹೇಬ್ರ, ನಮ್ಮಪ್ಪನಪ್ಪನೂ ಇಲ್ಲೇ ಹುಟ್ಟಿದಾಂವ. ಪಾಸ್‌ಪೋರ್ಟ್ ಅಂದ್ರ ಹ್ಯಾಂಗಿರ್ತೈತಿ ಅನ್ನೂದ ನನಗ ಗೊತ್ತಿಲ್ಲ" ಎಂದ ಇವನು. "ಕನ್ನಡ ಭಾರಿ ಕಲ್ತಿದಿ ಬಿಡು" ಎಂದು ಅವನು ಬೆನ್ನು ತಟ್ಟಿದನಂತೆ. ನಜೀರಸಾಬ ಮನೆಗೆ ಬಂದು ಇದನ್ನು ನಗುತ್ತ ಹೇಳಿದ. ಆದರೆ ಅಂದು ಅವನು ಊಟ ಮಾಡಲಿಲ್ಲ.

ಇಂಥದ್ದರ ನಡುವೆಯೇ ನಾಜಿಯಾ ಬೆಳೆದಳು. ನನ್ನ ಶಾಲೆಯಲ್ಲೇ ಓದಿದಳು. ಹುಡುಗರು ಕೂದಲು ಎಳೆದು "ಸ್ಪ್ರಿಂಗ್" ಎಂದರೆ ತಿರುಗಿ ಬಾರಿಸುತ್ತಿದ್ದಳು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ನರ್ಸ್ ಆಗಬೇಕು ಎಂಬುದು ಅವಳ ಹಟ. ತಮ್ಮನನ್ನು ಹೆರುವಾಗ ತಾಯಿ ಬ್ಯಾನೆಯಿಂದ ಒದ್ದಾಡುತ್ತಿದ್ದರೂ ದವಾಖಾನೆಯವರು ಹೊರಗೇ ನಿಲ್ಲಿಸಿ, ಮುಟ್ಟಿ ನೋಡಲೂ ಹಿಂಜರಿದಿದ್ದರು. ಕೂಸು ಉಳಿಯಲಿಲ್ಲ. ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ ಹುಡುಗಿ ಅವಳು. "ಟೀಚರ್, ನಾ ನರ್ಸ್ ಆದ್ರ ಯಾರನ್ನೂ ಹೊರಗ ನಿಂದ್ರಿಸೂದಿಲ್ಲ" ಎಂದಿದ್ದಳು.

ಖಾಸಗಿ ಕಾಲೇಜು ಅವರ ಕೈಗೆ ನಿಲುಕುವ ಮಾತಲ್ಲ. ಉಳಿದಿದ್ದು ಸರ್ಕಾರಿ ತರಬೇತಿಯ ಸೀಟು. ಅಷ್ಟರಲ್ಲಿ ಎರಡು ಸಾವಿರದ ಮೂರರಲ್ಲಿ ಒಂದು ಸುದ್ದಿ ಬಂತು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದಾರೆ ಎಂದು. ಪೇಪರ್ ಹಿಡಿದುಕೊಂಡು ನಾನೇ ಹಿತ್ತಲಿಗೆ ಓಡಿದೆ. "ಚಾಚಿ, ನಾಜಿಯಾಗ ಸೀಟು ಸಿಕ್ಕಂಗ!" ಎಂದೆ. ಖತಿಜಾಬಿ ಸೂಜಿ ಕೆಳಗಿಟ್ಟು, "ನಾವು ಸಿದ್ದಿ ಅನ್ನೂದು ಸರಕಾರಕ್ಕ ಇಷ್ಟು ದಿನಕ್ಕ ಗೊತ್ತಾತೇನ?" ಎಂದು ಕಣ್ಣೊರೆಸಿಕೊಂಡಳು. ಒಳ್ಳೆಯ ಆದೇಶ ಅದು. ಮಾಡಿದವರ ಹೊಟ್ಟೆ ತಣ್ಣಗಿರಲಿ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಮುಂದಿನ ವರ್ಷ ನಾಜಿಯಾ ಪಿಯುಸಿ ಪಾಸಾದಳು. ಜಾತಿ ಸರ್ಟಿಫಿಕೇಟಿಗಾಗಿ ತಾಯಿ ಮಗಳು ಇಲ್ಲಿನ ಒಂದು ಕಚೇರಿಗೆ ಹೋದರು. ಅಲ್ಲಿನ ಕ್ಲಾರ್ಕ್, "ಈ ಜಿಲ್ಲಾಕ್ಕ ಆದೇಶ ಇಲ್ಲ, ನಿಮ್ಮ ಮೂಲ ಊರಿಗೆ ಹೋಗ್ರಿ" ಎಂದ. ಮೂಲ ಊರಿನ ಕಡೆ ಹೋದರೆ, "ನೀವು ಹನ್ನೆರಡು ವರ್ಷದಿಂದ ಇಲ್ಲಿಲ್ಲ. ನೀವು ಸಿದ್ದಿ ಹೌದೋ ಅಲ್ಲೋ ನಿಮ್ಮ ಈಗಿನ ಊರಿನ ಸಾಹೇಬ್ರು ಮನಿಗೆ ಬಂದು ವಿಚಾರಣಾ ಮಾಡಿ ಬರದು ಕಳಸಬೇಕು" ಎಂದರು. ಅಲ್ಲಿದ್ದ ಇನ್ನೊಬ್ಬ ಮಹಾನುಭಾವ, "ಅಲ್ಲಮ್ಮಾ, ಮುಸಲರು ಹೆಂಗ ಸಿದ್ದಿ ಆಗ್ತೀರಿ?" ಎಂದು ಬೇರೆ ಕೇಳಿದನಂತೆ. ಖತಿಜಾಬಿ ತಲೆಯ ಮೇಲಿನ ಸೆರಗು ಸರಿಸಿ ತನ್ನ ಕೂದಲನ್ನು ತೋರಿಸಿ ಬಂದಳು. ಆಗಸ್ಟ್ ಮುಗಿಯುವುದರೊಳಗೆ ಕಾಗದ ಕೊಡದಿದ್ದರೆ ಸೀಟು ಇನ್ನೊಬ್ಬರಿಗೆ ಹೋಗುತ್ತಿತ್ತು.

ಜುಲೈನಲ್ಲಿ, ನಾಳೆ ವಿಚಾರಣೆಯ ಸಾಹೇಬರು ಬರುತ್ತಾರೆ ಎಂದು ಹೇಳಿಕೆ ಬಂತು. ಅಂದು ನಮ್ಮ ಹಿತ್ತಲಲ್ಲಿ ಮದುವೆ ಮನೆಯ ಗದ್ದಲ. ದೊಡ್ಡ ಸಾಹೇಬ ಮನೆಗೆ ಬರುತ್ತಾನೆಂದರೆ ನಮ್ಮ ಕಡೆಯ ಬಡವರು ಏನು ಮಾಡುತ್ತಾರೋ ಅದನ್ನೇ ಇವರೂ ಮಾಡಿದರು. ಗೋಡೆಗೆ ಸುಣ್ಣ ಬಳಿದರು. ಅವ್ವ ನಮ್ಮ ಮನೆಯ ನಾಲ್ಕು ಕುರ್ಚಿ ಹೊರಿಸಿ ತಂದಳು, ಗೋಡೆ ಗಡಿಯಾರ ಬಿಚ್ಚಿ ತಂದಳು, ನನ್ನ ಮದುವೆಗೆಂದು ಎತ್ತಿಟ್ಟಿದ್ದ ಸ್ಟೀಲ್ ತಾಟು, ಹೂವಿನ ಚಿತ್ರದ ಕಪ್-ಬಸಿ ತೆಗೆದು ತೊಳೆದಿಟ್ಟಳು. ಕೌದಿಗಳನ್ನು ಮಡಿಚಿ ಅಟ್ಟಕ್ಕೆ ಹಾಕಿ ನಮ್ಮ ಜಮಖಾನೆ ಹಾಸಿದರು. ಮೂಲೆಯಲ್ಲಿ ಒಂದು ಡಮಾಮಿ ಇತ್ತು, ಅವರ ಚರ್ಮದ ವಾದ್ಯ. "ಇದನ್ನೂ ತಗೀರಿ, ಕಾಡಮಂದಿ ಅಂದಾರು" ಎಂದು ಖತಿಜಾಬಿ ಅದನ್ನು ಕಟ್ಟಿಗೆಯ ಹಿಂದೆ ಅಡಗಿಸಿದಳು. ಮರ್ಯಾದಸ್ತರ ಮನೆ ಎಂದು ಕಂಡರೆ ಸಾಹೇಬ ಸಹಿ ಹಾಕುತ್ತಾನೆ ಎಂದು ಎಲ್ಲರೂ ನಂಬಿದ್ದರು. ಹುಟ್ಟಿದಾಗಿನಿಂದ 'ಕಾಡಿನ್ಯಾವ್ರು' ಎನ್ನಿಸಿಕೊಂಡವರು ಸರ್ಕಾರದ ಎದುರಿಗಾದರೂ ಹಾಗೆ ಕಾಣಬಾರದು ಎಂದುಕೊಂಡರೆ ಅದರಲ್ಲಿ ತಪ್ಪೇನು?

ಸಾಹೇಬ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಜೀರಸಾಬ ಲೋಡು ತೆಗೆದುಕೊಂಡು ದೂರ ಹೋಗಿದ್ದ. ಖತಿಜಾಬಿ ರೇಷ್ಮೆಯ ಸೀರೆ ಉಟ್ಟು, "ಬರ್ರಿ ಸಾಹೇಬ್ರ, ಕುಂದರ್ರಿ" ಎಂದಳು. ಅವನು ನಮ್ಮ ಕುರ್ಚಿಯಲ್ಲಿ ಕೂತು ನಮ್ಮ ಗಡಿಯಾರ ನೋಡಿದ.

"ಏನು ತಿಂತೀರಿ?"

"ರೊಟ್ಟಿ ಪಲ್ಯಾ ರೀ. ಶುಕ್ರವಾರ ಅನ್ನಾ ಮಾಡ್ತೇವ್ರಿ."

"ಬೇಟೆಗೆ ಹೋಗ್ತೀರಾ?"

"ಅಯ್ಯ, ಬೈಲಹೊಂಗಲದಾಗ ಎಲ್ಲೀ ಬೇಟಿ ರೀ! ಸಂತ್ಯಾಗ ಕೋಳಿ ತರತೇವಿ."

"ಕುಣಿತ ಗಿಣಿತ? ಎಲೆ ಉಟ್ಕೊಂಡು ಕುಣಿಯೋದು?"

ಖತಿಜಾಬಿಯ ಮುಖ ಸಣ್ಣದಾಯಿತು. "ಇಲ್ರೀ ಸಾಹೇಬ್ರ. ನಾವು ಅಂಥಾವ್ರಲ್ರೀ, ಮರ್ಯಾದಸ್ತರು."

ಅವನು ಎಲ್ಲವನ್ನೂ ಬರೆದುಕೊಂಡ. ಅವ್ವ ಶಿರಾ ಕೊಟ್ಟಳು. ಎರಡು ಸಲ ಹಾಕಿಸಿಕೊಂಡು ತಿಂದ. "ಶಿರಾ ಚೆನ್ನಾಗಿದೆ" ಎಂದು ಕೈ ತೊಳೆದು ಹೋದ. ಹತ್ತು ದಿನಕ್ಕೆ ಉತ್ತರ ಬಂತು. ಅರ್ಜಿದಾರರ ಮನೆಯಲ್ಲಿ ಬುಡಕಟ್ಟಿನ ಲಕ್ಷಣಗಳು ಕಂಡುಬರಲಿಲ್ಲ, ಇವರ ಜೀವನ ಇತರ ನಾಗರಿಕರಂತೆಯೇ ಇದೆ, ಆದ್ದರಿಂದ ಇವರನ್ನು ಸಿದ್ದಿ ಎಂದು ಪರಿಗಣಿಸಲಾಗದು. ಆ ಇತರ ನಾಗರಿಕರು ನಳದ ಮುಂದೆ ಅವಳ ಕೊಡವನ್ನು ಸರಿಸಿ ತಮ್ಮದನ್ನು ಇಡುತ್ತಿದ್ದರಲ್ಲ, ಅದು ಯಾವ ಸಾಹೇಬನ ಕಣ್ಣಿಗೂ ಕಂಡುಬರಲಿಲ್ಲ!

ನಾನು, ಅವ್ವ, ಖತಿಜಾಬಿ, ನಾಜಿಯಾ ನಾಲ್ವರೂ ಆ ಸಾಹೇಬ ಕೂರುತ್ತಿದ್ದ ಕಚೇರಿಗೆ ಹೋದೆವು. ಕಚೇರಿಯ ಗೋಡೆಯ ಮೇಲೆ ದೊಡ್ಡದಾಗಿ, ಜಾತಿ ಬಣ್ಣ ಧರ್ಮದ ಭೇದ ಮಾಡುವುದು ಅಪರಾಧ ಎಂದು ಬರೆಸಿದ್ದರು. ಅದರ ಕೆಳಗೇ ನಮ್ಮನ್ನು ಮಧ್ಯಾಹ್ನದವರೆಗೆ ನಿಲ್ಲಿಸಿದರು. ಒಳಗೆ ಕರೆದ ಮೇಲೆ ಸಾಹೇಬ, "ನಾನು ಕಂಡದ್ದನ್ನ ಬರೆದಿದ್ದೀನಿ" ಎಂದ.

ಅವ್ವನಿಗೆ ತಡೆಯಲಿಲ್ಲ. "ಏನ್ ಕಂಡ್ಯೋ ಪುಣ್ಯಾತ್ಮಾ? ಆ ಕುರ್ಚಿ ನಂವು, ಗಡಿಯಾರ ನಂದು, ನೀ ಶಿರಾ ತಿಂದ ತಾಟೂ ನಂದು! ಆಕೀ ಮನ್ಯಾಗ ಏನೈತಿ, ನಾಕು ಗ್ವಾಡಿ."

ಸಾಹೇಬ ಕುರ್ಚಿಗೆ ಒರಗಿದ. "ಹಾಗಾದ್ರೆ ಸರ್ಕಾರಕ್ಕೆ ಸುಳ್ಳು ತೋರಿಸಿದ್ರಿ ಅಂದ ಹಾಗಾಯ್ತು. ಅದೂ ಅಪರಾಧವೇ."

ಬಡವರು ಬಡವರಂತೆ ಕಂಡರೆ ಅಸಹ್ಯ. ಚೆಂದ ಕಂಡರೆ ಸುಳ್ಳು. ಹಾಗಿದ್ದರೆ ಹೇಗೆ ಕಾಣಬೇಕು ಎಂದು ನಾನೇ ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ. ಸಾಹೇಬ ದನಿ ತಗ್ಗಿಸಿ, ದೊಡ್ಡ ಉಪಕಾರ ಮಾಡುವವನಂತೆ, ದಾರಿಯೊಂದನ್ನು ಹೇಳಿದ. ಆಗಸ್ಟ್ ಹದಿನೈದಕ್ಕೆ ಮೈದಾನದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ಇದೆ. ಮೇಲಿನ ಸಾಹೇಬರೂ ಬರುತ್ತಾರೆ. ಅದರಲ್ಲಿ ತಾಯಿ ಮಗಳು ಸಿದ್ದಿ ಕುಣಿತ ಮಾಡಲಿ. ಫೋಟೋ ತೆಗೆಸಿ ಫೈಲಿಗೆ ಸೇರಿಸಿ ಮರುಪರಿಶೀಲನೆ ಮಾಡಿಸುತ್ತೇನೆ ಎಂದ.

ಖತಿಜಾಬಿ, "ನಮ್ಮ ಡಮಾಮಿ ಐತ್ರೀ, ಸೀರಿ ಉಟ್ಕೊಂಡು, ನಮ್ಮ ವಾಡ್ಯಾಗ ಕುಣಿದಂಗ ಕುಣೀತೇವಿ" ಎಂದಳು.

"ಅದು ಸಿದ್ದಿ ಥರ ಕಾಣಲ್ಲಮ್ಮಾ. ಎಲೆ ಗಿಲೆ ಇರಬೇಕು. ಮುಖದ ಮೇಲೆ ಬಿಳಿ ಚುಕ್ಕೆ. ಜನಕ್ಕೆ ಗೊತ್ತಾಗಬೇಕಲ್ಲ."

ಹಿಂದೆ ನಿಂತಿದ್ದ ನಾಜಿಯಾ ಮುಂದೆ ಬಂದಳು. ಹದಿನೆಂಟರ ಹುಡುಗಿ. "ಸಾಹೇಬ್ರ, ನಿಮಗೂ ಜಾತಿ ಸರ್ಟಿಫಿಕೇಟ್ ಐತಲ್ರೀ? ಅದನ್ನ ತಗೊಳ್ಳಾಕ ನೀವು ಏನ್ ಉಟ್ಕೊಂಡು ಕುಣಿದ್ರಿ?"

ಸಾಹೇಬನ ಮುಖ ಕೆಂಪಾಯಿತು. "ಹೊರಗೆ ನಡೀರಿ" ಎಂದ. ನನಗೆ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು. ಆದರೆ ಖತಿಜಾಬಿ ಮಗಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಮೇಜಿನ ಅಂಚು ಹಿಡಿದು, "ಸಣ್ಣಾಕಿ ರೀ, ತಿಳಿಯೂದಿಲ್ಲ. ಆಕಿ ಬ್ಯಾಡ. ನಾ ಒಬ್ಬಾಕೀನ ಕುಣೀತೇನ್ರಿ" ಎಂದಳು.

ಮನೆಗೆ ಬಂದ ಮೇಲೆ ನಾಜಿಯಾ ಕೂಗಾಡಿದಳು. "ಆ ಸೀಟು ನನಗ ಬ್ಯಾಡ ಅಮ್ಮಾ! ನಾ ಕೌದಿ ಹೊಲೀತೇನಿ!" ಖತಿಜಾಬಿ ಕೆನ್ನೆಗೆ ಒಂದು ಬಿಟ್ಟಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ಏಟು ಅದು. "ನನ್ನ ಕೂಸಿಗಿ ದವಾಖಾನಿ ಬಾಗಲಾ ತಗೀಲಿಲ್ಲ ಅವ್ರು. ನೀ ಒಳಗ ಇರಬೇಕು. ನಾ ಎಲಿ ಉಡ್ತೇನೋ ಮುಳ್ಳು ಉಡ್ತೇನೋ, ನಿನಗ್ಯಾಕ?" ಎಂದಳು. ನಂತರ ತಾನೇ ಕೂತು ಅತ್ತಳು.

ಸ್ವಾತಂತ್ರ್ಯ ದಿನಾಚರಣೆ. ನಾನು ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮೈದಾನಕ್ಕೆ ಹೋಗಿದ್ದೆ, ಹೋಗಲೇಬೇಕಿತ್ತು. ನಾಜಿಯಾ ಮನೆಯ ಬಾಗಿಲು ಹಾಕಿಕೊಂಡು ಒಳಗಿದ್ದಳು. ವೇದಿಕೆಯ ಹಿಂದೆ ಇಬ್ಬರು ಜವಾನರು ಕಂಪೌಂಡಿನ ಅಶೋಕ ಗಿಡದ ಎಲೆ ಹರಿದು ದಾರಕ್ಕೆ ಪೋಣಿಸಿದ್ದರು. ಸೀರೆಯ ಮೇಲೆ ಕಟ್ಟಿಕೊಳ್ಳುತ್ತೇನೆ ಎಂದು ಖತಿಜಾಬಿ ಕೈ ಮುಗಿದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಎಲೆ ಕಟ್ಟಿ, ಮುಖಕ್ಕೆ ಸುಣ್ಣದ ಚುಕ್ಕಿ ಇಟ್ಟರು. ಅವಳ ಡಮಾಮಿಯನ್ನು ಬೇಡ ಎಂದರು. ಟೇಪಿನಲ್ಲಿ ಯಾವುದೋ ಸಿನಿಮಾದ ಕಾಡುಜನರ ಹುಯಿಲು ಹಾಕಿದರು. ಅದರಲ್ಲಿ ಒಂದಾದರೂ ಶಬ್ದ ಅವಳ ಭಾಷೆಯದಿರಲಿಲ್ಲ, ಯಾರ ಭಾಷೆಯದೂ ಇರಲಿಲ್ಲ. ನಲವತ್ತೈದು ದಾಟಿದ ಹೆಂಗಸು ಅದಕ್ಕೆ ಕುಣಿದಳು. ಮೈದಾನ ಸಿಳ್ಳು ಹೊಡೆಯಿತು. ಮುಂದಿನ ಸಾಲಿನ ಸೋಫಾದ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಸಾಹೇಬ ಫೋಟೋದವನಿಗೆ "ಕಾಲು ಕಾಣೋ ಹಾಗೆ ತೆಗಿ" ಎಂದು ಕೈಸನ್ನೆ ಮಾಡುತ್ತಿದ್ದ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಶಪಿಸಿದೆ, ಈಗಲೂ ಶಪಿಸುತ್ತೇನೆ. ಅವ್ವ ಮುದುಕಿ, ಮಂದಿಯನ್ನು ಸೀಳಿಕೊಂಡು ವೇದಿಕೆಯ ಮೆಟ್ಟಿಲಿಗೆ ಹೋಗಿ, ಇಳಿದು ಬಂದವಳ ಮೇಲೆ ತನ್ನ ಶಾಲು ಹೊದಿಸಿದಳು. ಇಬ್ಬರೂ ಟಾಂಗಾ ಹತ್ತಿ ಮನೆಗೆ ಹೋದರು.

ಸರ್ಟಿಫಿಕೇಟ್ ಬಂತು. ಸರಿಯಾದ ದಿನಕ್ಕೇ ಬಂತು. ಇನ್ನು ನೀವು ಸಿದ್ದಿ ಎಂದು ಸಾಹೇಬ ನಕ್ಕು ಕೊಟ್ಟನಂತೆ. ನಾಜಿಯಾ ಸೀಟಿಗೆ ಸೇರಿದಳು. ಮೊದಲ ಎರಡು ತಿಂಗಳು ತಾಯಿಯ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ರಜೆಯಲ್ಲಿ ಬಂದವಳು ತಾಯಿಯ ತೊಡೆಯ ಮೇಲೆ ಮಲಗಿ ಬಿಕ್ಕಿದಳಂತೆ. ಅದನ್ನು ನನಗೆ ಅವ್ವ ಹೇಳಿದಳು. ಓದು ಮುಗಿಸಿದ ಮೇಲೆ ಮನೋಳಿಯ ಕಡೆ ಕೆಲಸ ಸಿಕ್ಕಿತು. ಹೆರಿಗೆಗೆ ಬಂದ ಯಾರನ್ನೂ ಅವಳು ಹೊರಗೆ ನಿಲ್ಲಿಸುವುದಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾಳೆ.

ಎರಡು ಸಾವಿರದ ಎಂಟರಲ್ಲಿ ಅವಳ ಮದುವೆ ಆಯಿತು. ಹುಡುಗ ಅವರ ವಾಡೆಯ ಕಡೆಯವನೇ. ನಮ್ಮ ಹಿತ್ತಲಲ್ಲೇ ಚಪ್ಪರ ಹಾಕಿದರು. ನಿಕಾಹ್ ಮುಗಿಯಿತು, ಊಟ ಆಯಿತು. ಆಮೇಲೆ ಕಾಡಿನಿಂದ ಬಂದ ನೆಂಟರು ಡಮಾಮಿ ಕಟ್ಟಿಕೊಂಡು ಬಾರಿಸಲು ಶುರು ಮಾಡಿದರು. ಖತಿಜಾಬಿಯ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುಮಗಳ ತಾಯಿ ಮೊದಲ ಹೆಜ್ಜೆ ಹಾಕಬೇಕು, ಆಮೇಲೆ ಉಳಿದ ಹೆಂಗಸರು ಸುತ್ತುಗಟ್ಟಿ ಕುಣಿಯಬೇಕು. ಎಲ್ಲರೂ ದಾರಿ ಬಿಟ್ಟು ನಿಂತರು. ವಾದ್ಯ ಬಾರಿಸುತ್ತಲೇ ಇತ್ತು. ಖತಿಜಾಬಿ ಏಳಲಿಲ್ಲ.

"ಏಳ ಖತಿಜಾ" ಎಂದರು ನೆಂಟರು. ನಜೀರಸಾಬ ಬಂದು ಕೈ ಹಿಡಿದ. ನಾಜಿಯಾ ಮದುಮಗಳ ಬಟ್ಟೆಯಲ್ಲೇ ಬಂದು ಎದುರಿಗೆ ಕೂತು, "ಅಮ್ಮಾ, ಒಂದ ಹೆಜ್ಜಿ" ಎಂದಳು.

"ನನಗ ಬರೂದಿಲ್ಲವ್ವಾ. ನೀವು ಕುಣೀರಿ" ಎಂದಳು ಖತಿಜಾಬಿ. ನಾಲ್ಕು ವರ್ಷದಿಂದ ಅವಳು ಮನೆಯಲ್ಲಿಯೂ ಕುಣಿದಿರಲಿಲ್ಲ ಎಂದು ನಜೀರಸಾಬ ನನಗೆ ಅಂದೇ ಹೇಳಿದ. ಅಡಿಗೆ ಮಾಡುತ್ತ ಡಮಾಮಿಯ ಪದ ಗುನುಗುವುದನ್ನೂ ಬಿಟ್ಟಿದ್ದಳಂತೆ.

ಆಗ ನಮ್ಮವ್ವ ಗೋಡೆ ಹಿಡಿದು ಎದ್ದಳು. ಮೊಣಕಾಲು ಬಾತಿದ್ದವು. "ನಾಜಿಯಾ ಹದಿನಾರು ವರ್ಷ ನನ್ನ ಹಿತ್ತಲದಾಗ ಬೆಳದಾಳ. ಆಕಿಗಿ ನಾನೂ ತಾಯೀನ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಳ ತಪ್ಪಿ, ಬೀಳುವಂತಾಗಿ, ಒಂದು ಹೆಜ್ಜೆ ಹಾಕಿದಳು. ಮಂದಿಯೆಲ್ಲ ಹೋ ಎಂದು ನಕ್ಕರು. ಹೆಂಗಸರು ಅವಳ ಸುತ್ತ ನೆರೆದರು, ಕುಣಿತ ಶುರುವಾಯಿತು. ಖತಿಜಾಬಿಯೂ ಅವ್ವನನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚಪ್ಪಾಳೆಯನ್ನೂ ತಟ್ಟಿದಳು. ಆದರೆ ಡಮಾಮಿ ನಿಲ್ಲುವವರೆಗೂ ಅವಳು ಕೂತ ಜಾಗದಿಂದ ಏಳಲಿಲ್ಲ.